ಕುಸಾಕಾ ಅವರ ಕೈ ನೀಲಿಯಾದದ್ದು

ಕುಸಾಕಾ ತೋಕುಜಿ ಅವರ ಕೈ ನೀಲಿಯಾದದ್ದಕ್ಕೆ ಮೂಲ ಕಾರಣ ನಾನೇ ಎಂದು ನಮ್ಮ ಬೀದಿಯವರು ಈಗಲೂ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆದರೆ ವಾದ ಮಾಡುವಷ್ಟು ಚೈತನ್ಯವೂ ನನ್ನಲ್ಲಿ ಉಳಿದಿಲ್ಲ. ಯೊಶಿನೋ ಹೊಳೆಯ ದಂಡೆಯ ಈ ಊರಿನಲ್ಲಿ ನಲವತ್ತೊಂದು ವರ್ಷದಿಂದ ಲಾಂಡ್ರಿ ನಡೆಸುತ್ತಿದ್ದೇನೆ. ಬೇರೆಯವರ ಬಟ್ಟೆಯ ಕಲೆ ತೆಗೆದು ತೆಗೆದು ಸುಸ್ತಾದ ಮನುಷ್ಯ ನಾನು. ಯಾರಾದರೂ ಅಂಗಡಿಯೊಳಕ್ಕೆ ಬಂದರೆ ಅವರ ಮುಖಕ್ಕಿಂತ ಮೊದಲು ನನ್ನ ಕಣ್ಣು ಅವರ ಕಾಲರಿನ ಮೇಲೆ ಬೀಳುತ್ತದೆ.

ಕುಸಾಕಾ ನನ್ನ ಪಕ್ಕದ ಮನೆಯವರು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತಾರು ವರ್ಷ ಮನೆಮನೆಯ ಮೀಟರು ಓದಿ ಕಳೆದ ವಸಂತದಲ್ಲಿ ನಿವೃತ್ತರಾದರು. ಪಾಪದ ಮನುಷ್ಯ. ಯಾರು ಏನು ಕೇಳಿದರೂ ಮೊದಲು ‘ಹ್ಞೂಂ’ ಎನ್ನುವುದು, ಪ್ರಶ್ನೆ ಏನಿತ್ತೆಂದು ಆಮೇಲೆ ಯೋಚಿಸುವುದು ಅವರ ಪದ್ಧತಿ. ಈ ಪದ್ಧತಿಯಿಂದ ಅವರಿಗೆ ಕಚೇರಿಯಲ್ಲಿ ಶತ್ರುಗಳಿರಲಿಲ್ಲ, ಬಡ್ತಿಯೂ ಇರಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಒಂದು ದಿನ ಅವರು ಬಿಳಿ ಅಂಗಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಬಲತೋಳಿನ ಮೇಲೆ ಅಂಗೈಯಗಲದ ಕಂದು ಕಲೆ.

"ಬೀಳ್ಕೊಡುಗೆ ಊಟದ ದಿನದ್ದು," ಅಂದರು. "ಮೇಲಧಿಕಾರಿಗಳು ಭಾಷಣ ಮಾಡ್ತಿದ್ರು. ನಂಗೆ ಜೊಂಪು ಹತ್ತಿತ್ತು. ತೋಳು ಸಾರಿನ ಬಟ್ಟಲೊಳಗೆ ಹೋಗಿದ್ದು ಗೊತ್ತೇ ಆಗ್ಲಿಲ್ಲ."

"ಆರು ತಿಂಗಳಾಯ್ತಲ್ರೀ. ಈಗ ತಂದ್ರೆ ಹೇಗೆ?"

"ಹ್ಞೂಂ."

ಮೂರು ಸಲ ಪ್ರಯತ್ನಿಸಿದೆ. ಕಲೆ ತಿಳಿಯಾಯಿತು, ಆದರೆ ಅಗಲವಾಯಿತು. ಕೊನೆಗೆ ಬೇಸತ್ತು ಹೇಳಿದೆ: "ಇದು ಹೋಗಲ್ಲ ಕುಸಾಕಾ ಅವರೇ. ಬೇಕಾದ್ರೆ ಇಡೀ ಅಂಗಿಗೇ ಬಣ್ಣ ಹಾಕಿಸ್ಕೊಳ್ಳಿ. ಹೊಳೆ ಆಚೆ ಶಿಮೆ ಅಜ್ಜಿ ಇದಾರಲ್ಲ."

ನನ್ನ ಅಪರಾಧ ಇಷ್ಟೇ.

ಶಿಮೆ ಅಜ್ಜಿಗೆ ಎಂಬತ್ತನಾಲ್ಕು ವರ್ಷ. ಬಟ್ಟೆಗೆ ನೀಲಿ ಹಾಕಲು ಮಣ್ಣಿನ ನೆಲದಲ್ಲಿ ಹೂತಿಟ್ಟ ಎಂಟು ಹಂಡೆಗಳು, ಒಂದು ಮುಕ್ಕಾಲಿ, ಒಂದು ರೇಡಿಯೋ, ಇಷ್ಟು ಅವರ ಪ್ರಪಂಚ. ಬುಧವಾರಕ್ಕೊಮ್ಮೆ ಯಾರು ಬೇಕಾದರೂ ಹೋಗಿ ಒಂದು ಗಂಟೆ ಕೂತು ಕರವಸ್ತ್ರವೋ ಅಂಗಿಯೋ ಅದ್ದಿಕೊಂಡು ಬರಬಹುದು. ಆದರೆ ಶಿಷ್ಯರನ್ನು ತೆಗೆದುಕೊಂಡು ಮೂವತ್ತು ವರ್ಷವಾಗಿತ್ತು. ಕಾಲೇಜಿನ ಪ್ರೊಫೆಸರರೊಬ್ಬರು ಬಂದು ಬೇಡಿದ್ದರು. ಫ್ರಾನ್ಸಿನಿಂದ ಬಂದ ಹುಡುಗಿಯೊಬ್ಬಳು ಮೂರು ದಿನ ಗೇಟಿನ ಮುಂದೆ ಕೂತಿದ್ದಳು. ಎಲ್ಲರಿಗೂ ಅಜ್ಜಿ ಹೇಳಿದ್ದು ಒಂದೇ: "ಮನೆಗೆ ಹೋಗಿ."

ಕುಸಾಕಾ ಬುಧವಾರ ಹೋದರು. ಅಜ್ಜಿ ರಬ್ಬರಿನ ಕೈಗವಸು ಕೊಟ್ಟರು, ಇವರು ಹಾಕಿಕೊಂಡರು. ಅಂಗಿ ಅದ್ದಿ ಎಂದರು, ಅದ್ದಿದರು. ಕೈಯಿಂದ ಬಿಡಬೇಡಿ ಎಂದೂ ಹೇಳಿದ್ದರು. ಅದಕ್ಕೂ ಕುಸಾಕಾ ‘ಹ್ಞೂಂ’ ಅಂದು, ಬಿಟ್ಟುಬಿಟ್ಟರು. ಅಂಗಿ ತಳ ಸೇರಿತು. ಅವರು ಕೈಗವಸು ಕಿತ್ತು, ಮಣ್ಣಿನ ನೆಲದ ಮೇಲೆ ಬೋರಲು ಮಲಗಿ, ಬಲಗೈಯನ್ನು ಭುಜದ ತನಕ ಹಂಡೆಯೊಳಗೆ ಇಳಿಸಿ ತಡಕಾಡಿದರು. ಮೊದಲು ಯಾರದೋ ಕರವಸ್ತ್ರ ಬಂತು. ಆಮೇಲೆ ಮರದ ಸೌಟು ಬಂತು. ಎಡಗೈಯನ್ನೂ ಇಳಿಸಿದ ಮೇಲೆ ಅಂಗಿ ಸಿಕ್ಕಿತು.

"ಮೆಲ್ಲಗೆ," ಅಂದರಂತೆ ಅಜ್ಜಿ ಮುಕ್ಕಾಲಿಯ ಮೇಲಿಂದಲೇ. "ಅದನ್ನ ಹೆದರಿಸಬೇಡಿ." ಹೇಳಿದ್ದು ಹಂಡೆಯ ಬಗ್ಗೆ.

ಹೊರಗೆ ಬಂದಾಗ ಅಂಗಿ ಪಾಚಿಯ ಹಸಿರಾಗಿತ್ತಂತೆ. ಕುಸಾಕಾ ಅದನ್ನು ಗಾಳಿಗೆ ಹಿಡಿದು ನಿಂತಿದ್ದಂತೆ ಹಸಿರು ಅಂಚಿನಿಂದ ಸರಿಯುತ್ತ ಸರಿಯುತ್ತ ನೀಲಿಯಾಯಿತು. ಮೂವತ್ತಾರು ವರ್ಷ ಅಂಕಿಗಳು ಒಂದೊಂದೇ ಮುಂದೆ ಸರಿಯುವುದನ್ನಷ್ಟೇ ನೋಡಿದ ಮನುಷ್ಯ. ತೋಳು ನೋಯುವ ತನಕ ಹಾಗೇ ಹಿಡಿದು ನಿಂತರಂತೆ. ಕೊನೆಗೆ ಅಜ್ಜಿಯೇ, "ಒಣಗಬೇಕು ಅದು. ನಾಳೆ ಬನ್ನಿ," ಎಂದು ಕಳಿಸಿಕೊಟ್ಟರು.

ನಾಳೆ ಬನ್ನಿ. ಮುಂದಿನ ಐವತ್ತು ದಿನ ನಮ್ಮೆಲ್ಲರನ್ನೂ ಸುಸ್ತು ಮಾಡಿದ್ದು ಈ ಎರಡು ಪದಗಳು.

ಆ ವಾರದ ಭಾನುವಾರ ಬೀದಿಯ ಚರಂಡಿ ತೊಳೆಯುವ ದಿನ. ಹದಿನಾಲ್ಕು ಮನೆಯವರೂ ಸಲಿಕೆ ಹಿಡಿದು ಬೆಳಿಗ್ಗೆಯೇ ಬರಬೇಕು. ಬೀದಿ ಸಂಘದ ಅಧ್ಯಕ್ಷರಾದ ಓಬಾತಾ ಅವರು ಮಾಜಿ ಹೆಡ್‌ಮಾಸ್ತರು. ಸಲಿಕೆ ಹಿಡಿದಾಗಲೂ ಬೆತ್ತ ಹಿಡಿದಂತೆ ಕಾಣುತ್ತಾರೆ. ಕೆಲಸ ಮುಗಿಸಿ ಚಹಾ ಕುಡಿಯುವಾಗ ಕುಸಾಕಾ ಕೈಗವಸು ತೆಗೆದರು.

"ಕೈಗೇನಾಯ್ತು?" ಓಬಾತಾ ಕೇಳಿದರು.

"ಏನಿಲ್ಲ. ಶಿಮೆ ಅಜ್ಜಿ ಹತ್ರ ಹೋಗಿದ್ದೆ."

"ಹಂಡೆಗೆ ಬರಿಗೈ ಹಾಕೋಕೆ ಬಿಟ್ರಾ?"

"ಹ್ಞೂಂ. ಭುಜದ ತನಕ."

"ಏನಂದ್ರು?"

"ಹೆದರಿಸಬೇಡಿ ಅಂದ್ರು. ಆಮೇಲೆ ನಾಳೆ ಬನ್ನಿ ಅಂದ್ರು."

ಓಬಾತಾ ಚಹಾದ ಲೋಟ ಕೆಳಗಿಟ್ಟರು. "ನಾಳೆ ಬನ್ನಿ ಅಂದ್ರಾ? ಶಿಮೆ ಅಜ್ಜಿ?"

"ಹ್ಞೂಂ."

"ಹೋದ್ರಾ?"

"ಹೋದೆ."

‘ಅಂಗಿ ತರೋಕೆ’ ಎಂದು ಇನ್ನೆರಡು ಪದ ಸೇರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸೇರಿಸಲೆಂದು ಕುಸಾಕಾ ಬಾಯಿಯನ್ನೂ ತೆರೆದರು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಆದರೆ ಅಷ್ಟರಲ್ಲಿ ಹದಿನಾಲ್ಕು ಮನೆಯವರೂ ಅವರ ಕಡೆ ತಿರುಗಿದ್ದರು. ಆ ಬೀದಿಯಲ್ಲಿ ಅಷ್ಟು ವರ್ಷವೂ ಜನ ನೋಡಿದ್ದು ಅವರ ಕೈಯಲ್ಲಿದ್ದ ಮೀಟರು ಪುಸ್ತಕವನ್ನು, ಅದೂ ಬೇಸರದಿಂದ. ಅವರ ಮುಖವನ್ನು ಯಾರೂ ಅಷ್ಟು ಹೊತ್ತು ನೋಡಿದ್ದಿಲ್ಲ. ಕುಸಾಕಾ ಮೆಲ್ಲಗೆ ಬಾಯಿ ಮುಚ್ಚಿಕೊಂಡರು.

ಮಂಗಳವಾರ ಮನೆಯಿಂದ ಮನೆಗೆ ದಾಟಿಸುವ ಸುತ್ತೋಲೆ ಹಲಗೆ ಬಂತು. ಕಸದ ಗಾಡಿಯ ವೇಳಾಪಟ್ಟಿಯ ಕೆಳಗೆ ಓಬಾತಾ ಅವರ ದುಂಡು ಅಕ್ಷರದಲ್ಲಿ: ‘ಮೂವತ್ತು ವರ್ಷಗಳ ನಂತರ ಶಿಮೆಯವರು ಶಿಷ್ಯರೊಬ್ಬರನ್ನು ಸ್ವೀಕರಿಸಿದ್ದಾರೆ. ಆ ಶಿಷ್ಯರು ನಮ್ಮ ಬೀದಿಯವರು.’ ಶಿಷ್ಯರು ಎಂಬುದರ ಕೆಳಗೆ ಎರಡು ಗೆರೆ.

ಕುಸಾಕಾ ಅವರ ಹೆಂಡತಿ ಹಾತ್ಸುಯೆ ಅದನ್ನು ಎರಡು ಸಲ ಓದಿದರು. ಮಾತು ಕಡಿಮೆ ಅವರದ್ದು. ನಮ್ಮೆರಡು ಮನೆಗಳ ನಡುವೆ ಇರುವುದು ಒಂದು ತೆಳು ಗೋಡೆ. ನಾನು ಕಿವಿ ಕೊಡುವುದಿಲ್ಲ, ಅದೇ ಬಂದು ಬೀಳುತ್ತದೆ.

"ಇದೇನ್ರೀ ಇದು?"

"ಓಬಾತಾ ತಪ್ಪು ತಿಳ್ಕೊಂಡಿದಾರೆ."

"ಹೋಗಿ ಹೇಳಿ ಬನ್ನಿ ಹಾಗಾದ್ರೆ."

"ಹ್ಞೂಂ."

ಹೋದರು. ಅರ್ಧ ಗಂಟೆಯ ಮೇಲೆ ತಳ್ಳುಗಾಡಿಯಲ್ಲಿ ಹುಲ್ಲು ಹೆಣೆದ ಚೀಲದ ಒಂದು ಮೂಟೆ ತಳ್ಳಿಕೊಂಡು ಹಿಂದಿರುಗಿದರು. ಓಬಾತಾ ಅವರ ಸೋದರ ಸಂಬಂಧಿಯೊಬ್ಬರು ನೀಲಿ ಗಿಡ ಬೆಳೆಯುತ್ತಾರೆ. ನೂರು ದಿನ ಕೊಳೆಸಿದ ಎಲೆಯ ಕಪ್ಪು ಗೊಬ್ಬರದಂಥ ಪುಡಿಯ ಆ ಮೂಟೆಯನ್ನು ಬೀದಿಯ ಹೆಮ್ಮೆಗಾಗಿ ಕಾಣಿಕೆ ಕೊಟ್ಟಿದ್ದರು. ಕುಸಾಕಾ ಬಾಗಿಲು ತಟ್ಟಿದಾಗ ಓಬಾತಾ, "ಇದಕ್ಕೇ ಬಂದ್ರಲ್ವಾ?" ಎಂದು ಕೇಳಿದರಂತೆ. ಕುಸಾಕಾ ಏನೆಂದಿರಬಹುದು ಎಂದು ನಾನು ಬೇರೆ ಹೇಳಬೇಕಿಲ್ಲ.

ಗುರುವಾರ ಪುರಸಭೆಯ ಸಂಸ್ಕೃತಿ ವಿಭಾಗದಿಂದ ನುಕಾಗಾ ಎಂಬ ಹೆಣ್ಣುಮಗಳು ಫೈಲು ಹಿಡಿದು ಬಂದಳು. ನವೆಂಬರಿನ ಸಂಸ್ಕೃತಿ ದಿನದ ಪ್ರದರ್ಶನಕ್ಕೆ ಕುಸಾಕಾ ಹೆಸರು ಸೇರಿಸಬೇಕಂತೆ. ಅರ್ಜಿಯಲ್ಲಿ ಮೂರು ಚೌಕಗಳಿದ್ದವು: ಗುರು, ಶಿಷ್ಯ, ಇತರೆ.

"ನಾನು ಇತರೆ," ಅಂದರು ಕುಸಾಕಾ. ಇಡೀ ಪ್ರಸಂಗದಲ್ಲಿ ಅವರು ತೋರಿಸಿದ ಏಕೈಕ ಧೈರ್ಯ ಇದು.

"ಇತರೆ ಅಂತ ಹಾಕಿದ್ರೆ ವಿವರಣೆ ಬರೀಬೇಕು ಸಾರ್. ಮೇಲಿನೋರು ವಾಪಸ್ ಕಳಿಸ್ತಾರೆ. ನಾನು ಮತ್ತೆ ಬರಬೇಕಾಗುತ್ತೆ. ನಂಗೆ ಇವತ್ತಿದು ಒಂಬತ್ತನೇ ಮನೆ." ಹುಡುಗಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಶಿಷ್ಯ ಅಂದ್ರೆ ಇವತ್ತೇ ಮುಗೀತದೆ."

ಅವಳ ಸುಸ್ತು ನೋಡಿ ಕುಸಾಕಾ ಅವರಿಗೆ ಕನಿಕರವಾಯಿತು. ಸುಳ್ಳಿಗೆ ಸಹಿ ಹಾಕಿದ್ದು ದುರಾಸೆಯಿಂದಲ್ಲ ಎಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ಈಗ ನೀಲಿ ಮಾಡಲೇಬೇಕಾಯಿತು. ಗ್ರಂಥಾಲಯದಿಂದ ಒಂದು ತೆಳ್ಳನೆ ಪುಸ್ತಕ ತಂದರು. ಪುಡಿಗೆ ಬೂದಿ ನೀರು ಹಾಕಿ, ತೌಡು, ಸುಣ್ಣ, ಸಾಕೆ ಎಂಬ ಅಕ್ಕಿಯ ಮದ್ಯ ಉಣಿಸಿ, ಹತ್ತು ಹದಿನೈದು ದಿನ ಮೈ ಬೆಚ್ಚಗಿಟ್ಟು, ದಿನಕ್ಕೆರಡು ಸಲ ಕದಡಬೇಕು. ಆಗ ಅದಕ್ಕೆ ಜೀವ ಬರುತ್ತದೆ. ಆಳವಾದ, ಬೆಚ್ಚಗಿರುವ ಪಾತ್ರೆ ಬೇಕು. ಕುಸಾಕಾ ಅವರ ಮನೆಯಲ್ಲಿ ಅಂಥದ್ದು ಒಂದೇ ಇತ್ತು: ಸ್ನಾನದ ತೊಟ್ಟಿ.

"ಎಷ್ಟು ದಿನ?" ಹಾತ್ಸುಯೆ ಕೇಳಿದರು.

"ಹದಿನೈದು. ಹೆಚ್ಚಂದ್ರೆ ಇಪ್ಪತ್ತು."

ಹಾತ್ಸುಯೆ ಒಂದು ಬೋಗುಣಿಯಲ್ಲಿ ಸೋಪು, ಟವೆಲು ಇಟ್ಟುಕೊಂಡು ಊರ ಸ್ನಾನಗೃಹಕ್ಕೆ ಹೊರಟರು. ಹೋಗಲು ಹನ್ನೆರಡು ನಿಮಿಷ, ಬರಲು ಹದಿನೈದು, ಬರುವಾಗ ಏರು. ದಾರಿಯಲ್ಲಿ ಸಿಕ್ಕವರೆಲ್ಲ, "ಶಿಷ್ಯರ ಮನೆಯವರಲ್ವಾ? ಎಷ್ಟು ಸಂತೋಷ ನಿಮಗೆ," ಅನ್ನುತ್ತಿದ್ದರು. ಅವರು ಬೋಗುಣಿ ಹಿಡಿದುಕೊಂಡೇ ಬಗ್ಗಿ ವಂದಿಸುತ್ತಿದ್ದರು. ಒದ್ದೆ ತಲೆಗೆ ಅಕ್ಟೋಬರಿನ ಹೊಳೆಗಾಳಿ ಹೊಡೆಯುತ್ತಿತ್ತು.

ಐದನೇ ದಿನಕ್ಕೆ ವಾಸನೆ ಶುರುವಾಯಿತು. ವೃತ್ತಿಯಿಂದಾಗಿ ನನ್ನ ಮೂಗು ಬಹಳ ಸಹಿಸಿದೆ. ಆದರೆ ಇದು ದನದ ಕೊಟ್ಟಿಗೆ ಮತ್ತು ಮೀನಿನ ಮಾರುಕಟ್ಟೆ ಸಂಬಂಧ ಬೆಳೆಸಿದಂತಿತ್ತು. ಯಾರೋ ಒಳಚರಂಡಿ ಒಡೆದಿದೆ ಎಂದು ದೂರು ಕೊಟ್ಟರು. ನೀರಿನ ಕಚೇರಿಯಿಂದ ಇಬ್ಬರು ಬಂದು ಬೀದಿಯ ಮುಚ್ಚಳಗಳನ್ನೆಲ್ಲ ಎತ್ತಿ ಮೂಸಿ, ಮೂಸುತ್ತ ಮೂಸುತ್ತ ಕುಸಾಕಾ ಬಾಗಿಲಿಗೆ ಬಂದರು. ಇಬ್ಬರೂ ಅವರ ಜೊತೆ ಕೆಲಸ ಮಾಡಿದ ಕಿರಿಯರು.

"ಸಾರ್, ನೀವಾ?" ಅಂದವನೊಬ್ಬ ಮೂಗಿನಿಂದ ಕರವಸ್ತ್ರ ತೆಗೆಯದೆ. "ವರದೀಲಿ ಏನಂತ ಬರೀಲಿ?"

"ಸಂಸ್ಕೃತಿ ಅಂತ ಬರಿ," ಅಂದರು ಹಿಂದಿನಿಂದ ಓಬಾತಾ.

ಒಂಬತ್ತನೇ ದಿನ ಹಾತ್ಸುಯೆಯವರ ಅಕ್ಕ ಮಸಾನೋ ಬಸ್ಸಿಳಿದು ಬಂದರು. ಕುಸಾಕಾ ದಿನಾ ಸಾಕೆ ಕೊಂಡು ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆಂದು ಮೂರು ಊರಿನಾಚೆಗೆ ಸುದ್ದಿ ಮುಟ್ಟಿತ್ತು.

"ನೋಡು ಹಾತ್ಸುಯೆ, ನಂಗೆ ಎಲ್ಲ ಗೊತ್ತಾಗಿದೆ. ನಿನ್ನ ಗಂಡ ಬಚ್ಚಲಲ್ಲಿ ಕೂತು ಕುಡೀತಾನಂತೆ. ಮೈಯೆಲ್ಲ ನೀಲಿಗಟ್ಟಿದೆಯಂತೆ. ನಡಿ, ನಮ್ಮನೇಗೆ ಹೋಗೋಣ."

"ಕುಡಿಯೋದು ಅವರಲ್ಲ ಅಕ್ಕ. ತೊಟ್ಟಿ."

"ಏನಂದೆ?"

"ತೊಟ್ಟಿಗೆ ಹುಯ್ತಾರೆ. ಅದರ ಜೊತೆ ಮಾತಾಡ್ತಾರೆ. ಇವತ್ತು ಹೇಗಿದೀಯ ಅಂತ ಕೇಳ್ತಾರೆ." ಹಾತ್ಸುಯೆ ಸ್ವಲ್ಪ ತಡೆದು, "ನನ್ನನ್ನ ಹಾಗೆ ಕೇಳಿ ಎಷ್ಟು ವರ್ಷ ಆಯ್ತೋ," ಅಂದರು. ಗೋಡೆಯ ಈಚೆ ನಾನು ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ನಿಂತಿದ್ದೆ.

ವಿಷಯ ನೀಲಿಯದ್ದು, ಅದೂ ಶಿಮೆ ಅಜ್ಜಿಯ ಕಡೆಯದ್ದು ಎಂದು ತಿಳಿದ ಕೂಡಲೇ ಮಸಾನೋ ಅವರ ದನಿ ಬದಲಾಯಿತು. ಮರುದಿನ ಅವರು ಅಮ್ಮನ ಕಾಲದ ಹಾಸಿಗೆ ಗವಸಣಿಗೆ ತಂದುಕೊಟ್ಟರು. ಬಳಸಿ ಬಳಸಿ ತೆಳುವಾದ ಬಿಳಿ ಹತ್ತಿ ಬಟ್ಟೆ, ಮೈತುಂಬ ತೇಪೆ. "ಒಂದೊಂದು ತೇಪೇನೂ ನಾನೇ ಕೈಯಾರೆ ಹೊಲಿದಿದ್ದು ತೋಕುಜಿ. ಹಾತ್ಸುಯೆಗೆ ಹೊಲಿಗೆ ಗೊತ್ತಿಲ್ಲ, ಅವಳಿಗೆ ತಾಳ್ಮೆ ಇಲ್ಲ. ಜೋಪಾನ."

ಆ ಗವಸಣಿಗೆಯನ್ನು ಕಂಡು ಬೀದಿಯೂ ಎಚ್ಚೆತ್ತಿತು. ಎಸೆಯಲು ಮನಸ್ಸಿಲ್ಲದ, ತೊಡಲು ಮುಖವಿಲ್ಲದ ಬಟ್ಟೆ ಎಲ್ಲರ ಮನೆಯಲ್ಲೂ ಇರುತ್ತದೆ. ಟವೆಲು, ದಿಂಬಿನ ಚೀಲ, ಮಗುವನ್ನು ಬೆನ್ನಿಗೆ ಕಟ್ಟುವ ಪಟ್ಟಿ, ಅಜ್ಜನ ಒಳ ಅಂಗಿ. ಓಬಾತಾ ಅವರೂ ಸುರುಳಿ ಸುತ್ತಿದ ಏನನ್ನೋ ತಂದು, "ಯಾವುದೋ ಚಿಂದಿ. ಜಾಗ ಇದ್ರೆ ಹಾಕಿ, ಇಲ್ದಿದ್ರೆ ಬಿಡಿ," ಎಂದು ಎಲ್ಲದರ ಅಡಿಗೆ ತುರುಕಿ ಹೋದರು. ಒಟ್ಟು ನಲವತ್ತಕ್ಕೂ ಮೇಲಾದವು.

"ಯಾರದ್ದು ಯಾವುದು ಅಂತ ನೆನಪಿಡೋದು ಹೇಗೆ?" ಕುಸಾಕಾ ನನ್ನನ್ನು ಕೇಳಿದರು.

ಲಾಂಡ್ರಿಯಲ್ಲಿ ನಾವು ಬಟ್ಟೆಗೆ ಚುಚ್ಚುವ ಕಾಗದದ ಚೀಟಿಗಳ ಒಂದು ಕಟ್ಟು ಕೊಟ್ಟೆ. ಅವು ನೀರಿಗೆ ಜಗ್ಗುವುದಿಲ್ಲ, ಸೋಪಿಗೆ ಜಗ್ಗುವುದಿಲ್ಲ. ಅಷ್ಟನ್ನು ನಾನು ಭರವಸೆಯಿಂದ ಹೇಳಿದೆ. ಬೇರೆ ಏನನ್ನೂ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಪ್ಪತ್ತೆರಡನೇ ದಿನ ಗೋಡೆಯ ಆಚೆಯಿಂದ ಕುಸಾಕಾ ನನ್ನನ್ನು ಕರೆದರು. ಹೋದೆ. ತೊಟ್ಟಿಯ ನಡುವೆ ನೀಲಿ ನೊರೆ ಗುಳ್ಳೆಗಟ್ಟಿ ಮೊಗ್ಗಿನಂತೆ ಎದ್ದು ನಿಂತಿತ್ತು. ಅದರ ಮೇಲೆ ತಾಮ್ರದ ಹೊಳಪು.

"ಹೂ ಬಿಟ್ಟಿದೆ," ಅಂದರು ಅವರು ಪಿಸುದನಿಯಲ್ಲಿ. ಗಡ್ಡ ಬೆಳೆದಿತ್ತು, ಮೂಗಿನ ತುದಿ ನೀಲಿಯಾಗಿತ್ತು. ನಾನು ಏನಾದರೂ ಹಗುರವಾಗಿ ಹೇಳಬೇಕೆಂದಿದ್ದೆ. ಅದರ ಬದಲು ಇಬ್ಬರೂ ಸ್ನಾನದ ಮಣೆಗಳ ಮೇಲೆ ಕೂತು ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ಆ ವಾಸನೆಯಲ್ಲೂ ಕೂತಿದ್ದೆವು ಎಂದರೆ ನೀವು ಊಹಿಸಿಕೊಳ್ಳಬಹುದು.

ಬಣ್ಣ ಹಾಕಲು ಅವರಿಗೆ ಹದಿನೈದು ದಿನಕ್ಕೂ ಮೇಲೆ ಹಿಡಿಯಿತು. ಮೊದಲ ದಿನಗಳ ಬಟ್ಟೆ ಕಡು ನೀಲಿಯಾಗಿ ಬಂತು. ಆಮೇಲಿನವು ಆಕಾಶದ ಬಣ್ಣ. ಕೊನೆಯವು ನೀಲಿಯೆಂಬ ಪದವನ್ನು ದೂರದಿಂದ ಕೇಳಿದಂತಿದ್ದವು. ಕುಸಾಕಾ ಇನ್ನಷ್ಟು ತೌಡು ಹಾಕಿದರು, ಇನ್ನಷ್ಟು ಸಾಕೆ ಹುಯ್ದರು, ತೊಟ್ಟಿಯ ಕ್ಷಮೆ ಕೇಳಿದರು. ನೊರೆ ಇಳಿದುಹೋಯಿತು.

"ಯಾಕೋ ಬಣ್ಣಾನೇ ಹಿಡೀತಿಲ್ಲ," ಅಂದರು ಹೆಂಡತಿಗೆ.

ಹಾತ್ಸುಯೆ ಬೋಗುಣಿ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು. "ಅದಕ್ಕೂ ಸುಸ್ತಾಗಿರುತ್ತೆ," ಅಂದರು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಕುಸಾಕಾ ನನ್ನ ಅಂಗಡಿಗೆ ಬಂದು, ಕುರ್ಚಿ ಇದ್ದರೂ ನೆಲದ ಮೇಲೆ ಕೂತರು. ಮುಷ್ಟಿ ಬಿಚ್ಚಿದರು. ಅದರ ತುಂಬ ನನ್ನ ಚೀಟಿಗಳು. ಒಂದೊಂದೂ ಅಚ್ಚ ನೀಲಿ. ಹೆಸರು ಹೋಗಲಿ, ಹೆಸರಿದ್ದ ಗುರುತೂ ಇರಲಿಲ್ಲ. ಬಟ್ಟೆಗಿಂತ ಚೀಟಿಗಳಿಗೇ ಬಣ್ಣ ಚೆನ್ನಾಗಿ ಹಿಡಿದಿತ್ತು.

"ಯೋಕೋತೆ ಅವರೇ," ಅಂದರು. ಅದು ನನ್ನ ಹೆಸರು. "ನಾಳೆ ಎಲ್ರೂ ಬರ್ತಾರೆ. ಶಿಮೆ ಅಜ್ಜೀನೂ ಬರ್ತಾರಂತೆ. ನುಕಾಗಾ ಕಾರು ಕಳಿಸ್ತಾಳಂತೆ."

"ನಿಜ ಹೇಳಿಬಿಡಿ."

"ಯಾವುದರದ್ದು? ಚೀಟಿದಾ, ಶಿಷ್ಯಂದಾ?"

ಎರಡರಲ್ಲಿ ಯಾವುದು ಮೊದಲು ಎಂದು ನಾವು ಬಹಳ ಹೊತ್ತು ಚರ್ಚಿಸಿದೆವು. ತೀರ್ಮಾನವಾಗಲಿಲ್ಲ.

ಮರುದಿನ ಬೀದಿಯ ಸಭಾಭವನದಲ್ಲಿ ನಲವತ್ತಕ್ಕೂ ಮೇಲ್ಪಟ್ಟ ನೀಲಿ ಬಟ್ಟೆಗಳು ಚಾಪೆಯ ಮೇಲೆ ಒಂದೇ ರಾಶಿಯಾಗಿ ಬಿದ್ದಿದ್ದವು. ಹದಿನಾಲ್ಕು ಮನೆಯವರು ಸುತ್ತ ನಿಂತಿದ್ದರು. ಓಬಾತಾ ಕೋಟು ಹಾಕಿಕೊಂಡು ಭಾಷಣದ ಹಾಳೆ ಹಿಡಿದಿದ್ದರು. ಶಿಮೆ ಅಜ್ಜಿ ಕಾರಿನಿಂದ ಇಳಿದು, ಕೋಲೂರಿಕೊಂಡು ಒಳಗೆ ಬಂದು, ಸುತ್ತ ನೋಡಿದರು. ಅವರ ಕೈಗಳ ನೀಲಿ ಹೊರಗಿನಿಂದ ಹತ್ತಿದ್ದಲ್ಲ, ಒಳಗಿನಿಂದಲೇ ಬಂದಂತಿತ್ತು.

"ನನ್ನ ಶಿಷ್ಯ ಯಾರೋ ಇದಾರಂತಲ್ಲ," ಅಂದರು. "ಯಾರದು?"

ಎಲ್ಲರೂ ಕುಸಾಕಾ ಕಡೆ ನೋಡಿದರು. ಅಜ್ಜಿಯೂ ನೋಡಿದರು. ಗುರುತು ಸಿಗಲಿಲ್ಲ.

ಕುಸಾಕಾ ಮಂಡಿಯೂರಿ, ಹಣೆ ಚಾಪೆಗೆ ತಾಗಿಸಿದರು. ಅಲ್ಲಿಂದಲೇ ಮಾತಾಡಿದರು. "ನಾನು ಬುಧವಾರ ಒಂದು ಗಂಟೆ ಬಂದಿದ್ದೆ. ಅಂಗಿ ಹಂಡೆಯೊಳಗೆ ಬಿಟ್ಟೆ. ನೀವು ನಾಳೆ ಬನ್ನಿ ಅಂದ್ರಿ. ಮಾರನೇ ದಿನ ಬಂದು ಅಂಗಿ ತಗೊಂಡು ಹೋದೆ. ಅಷ್ಟೇ ಆಗಿದ್ದು. ಮಿಕ್ಕಿದ್ದಕ್ಕೆಲ್ಲ ನಾನು ಹ್ಞೂಂ ಅಂದೆ."

ಓಬಾತಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು, ಆಮೇಲೆ ಎಂಟು.

"ನಾಳೆ ಬನ್ನಿ ಅಂತ ನಾನು ಎಲ್ರಿಗೂ ಅಂತೀನಿ," ಅಂದರು ಅಜ್ಜಿ. "ಬಟ್ಟೆ ಅದೇ ದಿನ ಒಣಗಲ್ಲ."

"ಹಾಗಾದ್ರೆ ನಾನು ಯಾವ ಚೌಕಕ್ಕೆ ಗುರುತು ಹಾಕ್ಲಿ?" ನುಕಾಗಾ ಅಳುವ ದನಿಯಲ್ಲಿ ಕೇಳಿದಳು.

ಅಜ್ಜಿ ಆಗಲೇ ರಾಶಿಯ ಪಕ್ಕ ಕೂತು ಒಂದೊಂದೇ ಬಟ್ಟೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. "ಸರಿಯಾಗಿ ತೊಳೆದಿಲ್ಲ. ಇದರಲ್ಲಿ ಗಾಳಿ ಸಿಕ್ಕಿಕೊಂಡಿದೆ. ಇದಕ್ಕೆ ಬಣ್ಣ ಹತ್ತೋ ಹೊತ್ತಿಗೆ ಹಂಡೆಗೆ ದಣಿವಾಗಿತ್ತು. ದಣಿದಾಗ ಬಿಟ್ಟುಬಿಡಬೇಕು, ಇನ್ನಷ್ಟು ತಿನ್ನಿಸೋದಲ್ಲ." ಹತ್ತು ಹನ್ನೆರಡು ನೋಡಿದ ಮೇಲೆ ಕೈ ನಿಲ್ಲಿಸಿದರು. "ಬಣ್ಣ ಕೆಟ್ಟದಾಗಿದೆ. ಬಟ್ಟೆ ಒಳ್ಳೇದಿದೆ."

ಆಗ ಚೀಟಿಯ ವಿಷಯವೂ ಹೊರಬಂತು. ಅದನ್ನು ಹೇಳಿದ್ದು ನಾನೇ. ಕುಸಾಕಾ ಒಬ್ಬರೇ ಎಲ್ಲವನ್ನೂ ಹೊರುವುದು ನ್ಯಾಯವಲ್ಲ ಅನ್ನಿಸಿತು. ಬೈಗುಳ ಶುರುವಾಗುವ ಮುನ್ನ ಒಬ್ಬಾಕೆ ಬಗ್ಗಿ ರಾಶಿಯಿಂದ ಒಂದು ಪಟ್ಟಿ ಎಳೆದು, ಅಂಚನ್ನು ಬೆರಳಲ್ಲಿ ಸವರಿದಳು. "ಇದು ನಮ್ಮದು. ಇಲ್ಲಿ ನೋಡಿ, ನಮ್ಮತ್ತೆ ಗಂಟು ಹಾಕೋದೇ ಹೀಗೆ, ಎಡಕ್ಕೆ." ಅವಳ ಅತ್ತೆ ತೀರಿಕೊಂಡು ಹತ್ತು ವರ್ಷವಾಗಿದೆ. ಇಬ್ಬರೂ ಒಂದು ದಿನವೂ ಒಗ್ಗಿ ಬಾಳಿದವರಲ್ಲ. ಅವಳು ಆ ಗಂಟಿನ ಮೇಲಿಂದ ಬೆರಳು ತೆಗೆಯಲಿಲ್ಲ.

ಆಮೇಲೆ ಎಲ್ಲರೂ ಬಗ್ಗಿದರು. ಬಟ್ಟೆಗಳ ಬಣ್ಣ ಬೇರೆ ಬೇರೆ ಇದ್ದಾಗ ಯಾರೂ ಅವುಗಳ ಹೊಲಿಗೆ ನೋಡಿರಲಿಲ್ಲ. ಈಗ ನೋಡಲು ಬೇರೇನೂ ಇರಲಿಲ್ಲ. ಸವೆದ ಮೊಣಕೈ, ಹಿಗ್ಗಿದ ಕುತ್ತಿಗೆ, ಮೂರು ತಲೆಮಾರಿನ ತೇಪೆ. ಜನ ಅವನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ಓದುತ್ತಿದ್ದರು.

ಮಸಾನೋ ಅವರ ಗವಸಣಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಅದರ ಮೇಲೆ ಹನ್ನೊಂದು ತೇಪೆಗಳು ಬಿಳಿ ಚೌಕಗಳಾಗಿಯೇ ಉಳಿದಿದ್ದವು. ಇಸ್ತ್ರಿ ಒತ್ತಿ ಅಂಟಿಸುವ, ಅಂಗಡಿಯಲ್ಲಿ ಸಿಗುವ ತೇಪೆ ಬಣ್ಣ ಕುಡಿಯುವುದಿಲ್ಲ. ಕೈಯಾರೆ ಹೊಲಿದ ಒಂದು ಎಳೆಯೂ ಅವುಗಳಲ್ಲಿರಲಿಲ್ಲ. ಮಸಾನೋ ಅದನ್ನು ಒಳಮೈ ಹೊರಗೆ ಮಾಡಿ ಮಡಚಿ, "ಬಸ್ಸಿಗೆ ಹೊತ್ತಾಯ್ತು," ಅಂದರು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.

ಓಬಾತಾ ಕೊನೆಯವರೆಗೂ ಮುಂದೆ ಬರಲಿಲ್ಲ. ಬಂದಾಗ ಒಂದು ಅಡಿಗೆ ಮನೆಯ ಮೇಲಂಗಿ ಎತ್ತಿ, ಅದರ ಜೇಬಿಗೆ ಕೈ ಹಾಕಲು ನೋಡಿದರು. ಕೈ ಒಳಗೆ ಹೋಗಲಿಲ್ಲ. ಜೇಬಿನ ಬಾಯನ್ನೇ ಯಾರೋ ಸೇರಿಸಿ ಹೊಲಿದಿದ್ದರು, ದಪ್ಪ ದಾರದಲ್ಲಿ, ಸೊಟ್ಟಗೆ.

"ಇದು ನಂದು," ಅಂದರು. "ನಮ್ಮನೆಯವಳದ್ದು. ಅವಳು ಹೋದ ಮೇಲೆ ಜೇಬು ಕಿತ್ತಿತ್ತು, ನಾನೇ ಹೊಲಿದೆ. ಹೊಲಿದಾದ ಮೇಲೆ ನೋಡ್ತೀನಿ, ತೆರೆಯೋಕೇ ಬರಲ್ಲ." ನಗು ಬರುತ್ತದೆಂದು ಕಾದರು. ಯಾರೂ ನಗಲಿಲ್ಲ. ಅವರು ಮೇಲಂಗಿಯನ್ನು ಕೋಟಿನೊಳಗೆ ಇಟ್ಟುಕೊಂಡು, ಹೋಗುವಾಗ ಕುಸಾಕಾ ಅವರ ಭುಜ ಮುಟ್ಟಿ ಹೋದರು. ಸುತ್ತೋಲೆಗೆ ತಿದ್ದುಪಡಿ ಎಂದೂ ಬರಲಿಲ್ಲ.

ಚಾಪೆಯ ಮೇಲೆ ಒಂದೇ ಒಂದು ಉಳಿಯಿತು: ಗಂಡಸರ ಪ್ಯಾಂಟು, ಕಡು ನೀಲಿ. ಶಿಮೆ ಅಜ್ಜಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತಿನಿಂದ ನೋಡುತ್ತಿದ್ದರು. ಎರಡೂ ಮಂಡಿಗಳ ಮೇಲೆ, ಹಿಂಭಾಗದಲ್ಲಿ, ಜೇಬಿನ ಅಂಚಿನಲ್ಲಿ ಸಣ್ಣ ಸಣ್ಣ ಹೊಲಿಗೆ, ಭತ್ತದ ಸಸಿ ನೆಟ್ಟಂತೆ ಸಾಲು ಸಾಲು, ಒಂದರ ಮೇಲೊಂದು ಪದರ. ಬಟ್ಟೆ ನೀಲಿಯಾಗಿತ್ತು, ದಾರ ಮಾತ್ರ ಬೂದು ಬಣ್ಣದಲ್ಲೇ ಉಳಿದಿತ್ತು.

"ಈಗಿನ ದಾರ ಬಣ್ಣ ಕುಡಿಯಲ್ಲ," ಅಂದರು ಅಜ್ಜಿ. "ಮೊದಲು ಪ್ಯಾಂಟೂ ಬೂದು ಇದ್ದಿರಬೇಕು. ದಾರ ಯಾರಿಗೂ ಕಾಣ್ತಿರಲಿಲ್ಲ." ಉಗುರಿನಿಂದ ಒಂದು ಸಾಲು ಸವರಿದರು. "ಇಂಥಾ ಕೈ ಯಾರದ್ದು?"

ಉಳಿದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಸಾಕಾ ಹತ್ತಿರ ಬಂದು ಬಗ್ಗಿದರು. ಸುಳ್ಳು ಇಳಿದುಹೋದ ಮೇಲೆ ಮನುಷ್ಯ ಹಗುರಾಗಿದ್ದರು. ಯಾರೂ ಕೇಳದೆಯೇ ಮಾತಾಡಿದರು. "ಯಾರೋ ಭಾರೀ ತಾಳ್ಮೆ ಇರೋರು. ಇದನ್ನ ತೊಟ್ಟೋನು ಪುಣ್ಯವಂತ."

"ಅದು ನಿಮ್ಮ ಪ್ಯಾಂಟು," ಅಂದರು ಹಾತ್ಸುಯೆ.

ಅವರು ಸ್ನಾನಗೃಹದಿಂದ ಬರುತ್ತ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಯಾರಿಗೂ ಗೊತ್ತಿಲ್ಲ.

"ನಂದಾ?"

"ಬಣ್ಣ ಹಿಡಿಯುತ್ತಾ ನೋಡೋಣ ಅಂತ ಮೊದಲ ದಿನ ನೀವೇ ಕಪಾಟಿನ ತಳದಿಂದ ಎಳ್ಕೊಂಡು ಹೋದ್ರಲ್ಲ. ಕಚೇರಿಗೆ ಹಾಕ್ಕೊಂಡು ಹೋಗ್ತಿದ್ದಿದ್ದು. ಮೀಟರು ಇರೋದು ನೆಲದೊಳಗೆ. ಮನೆಮನೇಲೂ ಮಂಡಿ ಊರ್ತಿದ್ರಿ. ತಿಂಗಳಿಗೊಂದು ಸಲ ಹರೀತಿತ್ತು."

"ನಾನು ನೋಡೇ ಇಲ್ಲ."

"ಕಾಣಬಾರದು ಅಂತ ತಾನೇ ಹಾಗೆ ಹೊಲಿದಿದ್ದು. ಕಚೇರೀಲಿ ತೇಪೆ ನೋಡಿದ್ರೆ ನಿಮಗೆ ನಾಚಿಕೆ ಆಗ್ತಿತ್ತು."

ಕುಸಾಕಾ ಚಾಪೆಯ ಮೇಲೆ ಕುಳಿತು ಪ್ಯಾಂಟಿನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಂಕಿ ಓದುವವರಂತೆ ಎಡದಿಂದ ಬಲಕ್ಕೆ ಒಂದೊಂದೇ ಹೊಲಿಗೆ ನೋಡುತ್ತ ಹೋದರು. ಮೂರನೇ ಸಾಲಿಗೆ ಬರುವಷ್ಟರಲ್ಲಿ ತಲೆ ಪೂರ್ತಿ ಬಗ್ಗಿತ್ತು.

ಹಾತ್ಸುಯೆ ಬೋಗುಣಿ ಕೆಳಗಿಟ್ಟು ಪಕ್ಕದಲ್ಲಿ ಕೂತರು. ಗಂಡನ ಮುಖ ನೋಡಲಿಲ್ಲ. ಅದು ಅವರ ಸೌಜನ್ಯ. ಪ್ಯಾಂಟನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿ ತಮ್ಮ ಮಡಿಲಿಗೆ ಎಳೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು.

"ಇಲ್ಲೊಂದು ಕಡೆ ಬಿಟ್ಟಿದೆ," ಅಂದರು ನನ್ನ ಕಡೆ ತಿರುಗಿ. "ಸೂಜಿ ದಾರ ಇದೆಯಾ ನಿಮ್ಮ ಹತ್ರ?"

ಜೇಬಿನಲ್ಲಿ ಸೂಜಿ ಇಲ್ಲದ ಲಾಂಡ್ರಿಯವನು ಎಲ್ಲಿದ್ದಾನೆ. ನಾಲ್ಕು ಬಣ್ಣದ ದಾರ ಸುತ್ತಿದ ರಟ್ಟು ತೆಗೆದು, ಕಡು ನೀಲಿಯನ್ನು ಬಿಚ್ಚತೊಡಗಿದೆ. "ಇದು ಸರಿಯಾಗಿ ಹೊಂದುತ್ತೆ. ಹೊಲಿದಿದ್ದೇ ಗೊತ್ತಾಗಲ್ಲ."

"ಬೇಡ. ಬಿಳೀದು ಕೊಡಿ."

"ಬಿಳೀದು ಎದ್ದು ಕಾಣುತ್ತೆ ಅಮ್ಮ."

ಹಾತ್ಸುಯೆ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿದರು. ಒದ್ದೆ ಕೂದಲಿನಿಂದ ಒಂದು ಹನಿ ಪ್ಯಾಂಟಿನ ಮೇಲೆ ಬಿತ್ತು. ಅದನ್ನು ಒರೆಸಲಿಲ್ಲ.

"ಕಾಣಲಿ ಬಿಡಿ," ಅಂದರು.